ಜಾರಿ ಬಿದ್ದೆ ಅಂತ ಹೇಳಿ, ಸಿಸ್ಟರ್

ನಮ್ಮ ಆಸ್ಪತ್ರೆಗೆ ಕನ್ನಡದ ರೋಗಿ ಬಂದರೆ ನನಗೆ ಹೇಳಿ ಕಳಿಸುತ್ತಾರೆ. ‘ಮೀ ವಾಳ್ಳು ವಚ್ಚಾರು ಸಿಸ್ಟರ್’ ಅನ್ನುತ್ತಾರೆ, ನಿಮ್ಮವರು ಬಂದಿದ್ದಾರೆ ಎಂದು. ನಾನು ಊಟದ ಡಬ್ಬಿ ಬಿಚ್ಚಿರಲಿ, ಡ್ಯೂಟಿ ಮುಗಿಸಿ ಸಿಕಂದರಾಬಾದಿನ ಬಸ್ಸಿಗೆ ಹೊರಟಿರಲಿ, ನಮ್ಮವರು ಬಂದರೆಂದರೆ ನಾನು ಹೋಗಲೇಬೇಕು. ಸನತ್‌ನಗರದ ಕಡೆಯ ಸಣ್ಣ ಖಾಸಗಿ ಆಸ್ಪತ್ರೆ ಅದು. ಸುತ್ತ ಕಾರ್ಖಾನೆಗಳು, ಅವುಗಳ ನಡುವೆ ಏಳುತ್ತಿರುವ ಅಪಾರ್ಟ್‌ಮೆಂಟುಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದವರು ಮೇಲಿಂದ ಬಿದ್ದರೆ ಮೇಸ್ತ್ರಿ ಆಟೋದಲ್ಲಿ ಹಾಕಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸುತ್ತಾನೆ. ಅವರಿಗೆ ಕೂಲಿ ಕೇಳುವಷ್ಟು ತೆಲುಗು ಬರುತ್ತದೆ, ನೋವು ಹೇಳಿಕೊಳ್ಳುವಷ್ಟು ಬರುವುದಿಲ್ಲ. ‘ಏನಾಗೈತ್ರಿ ಅಣ್ಣಾರ’ ಎಂದು ನಾನು ಕೇಳಿದರೆ ಅರ್ಧ ನೋವು ಇಳಿದವರ ಹಾಗೆ ಮುಖ ಮಾಡುತ್ತಾರೆ. ಅದನ್ನು ನೋಡಲು ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ರೋಗಿ ಕೂಗಾಡಿದರೂ ‘ನಿಮ್ಮವರು’, ಮೈಮೇಲೆ ಉಗುಳಿದರೂ ‘ನಿಮ್ಮವರು’, ಊಟದ ತಟ್ಟೆ ಎಸೆದರೂ ‘ನಿಮ್ಮವರು’. ಕೈ ಎತ್ತುವ ರೋಗಿಯಿಂದ ಸಿಬ್ಬಂದಿಯನ್ನು ಕಾಪಾಡಲು ನಮ್ಮ ಆಸ್ಪತ್ರೆ ಮಾಡಿಕೊಂಡಿದ್ದ ಏರ್ಪಾಡು ಇಷ್ಟೇ: ಯಾರ ಭಾಷೆಯ ರೋಗಿಯೋ ಆ ಭಾಷೆಯವರೇ ಹೋಗಿ ಹೊಡೆಸಿಕೊಳ್ಳುವುದು. ಸೆಕ್ಯೂರಿಟಿಯವರು ಒಬ್ಬರಿದ್ದರು. ಅವರು ಕೆಳಗೆ ಕಾರುಗಳನ್ನು ಕಾಯುತ್ತಿದ್ದರು. ವಾರ್ಡಿಗೊಬ್ಬರನ್ನು ಕೊಡಿ ಎಂದು ನಾವು ನರ್ಸ್‌ಗಳೆಲ್ಲ ಸೇರಿ ಕೇಳಿದ್ದೆವು, ಒಂದು ಸಲವಲ್ಲ. ‘ನೋಡೋಣ’ ಅಂದರು ಆಡಳಿತದವರು. ಆಮೇಲೆ ನಮ್ಮನ್ನೆಲ್ಲ ಮೀಟಿಂಗಿಗೆ ಕರೆದು, ರೋಗಿಯ ಜೊತೆ ನಗುನಗುತ್ತ ಮಾತಾಡಿದರೆ ಯಾರೂ ಸಿಟ್ಟಾಗುವುದಿಲ್ಲ ಎಂದು ಪಾಠ ಮಾಡಿ ಸಮೋಸ ಕೊಟ್ಟು ಕಳಿಸಿದರು. ಪಾಠ ಮಾಡಿದವರು ಒಮ್ಮೆಯೂ ವಾರ್ಡಿನಲ್ಲಿ ನಿಂತವರಲ್ಲ.

ಆ ಮನುಷ್ಯ ಬಂದದ್ದು ಬೇಸಿಗೆಯಲ್ಲಿ. ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು, ನಲವತ್ತು ದಾಟಿದ ಗಟ್ಟಿ ಆಳು. ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದಿತ್ತು. ಜೊತೆಗೆ ಹೆಂಡತಿ ಇದ್ದಳು. ಎಂದಿನಂತೆ ನನ್ನನ್ನು ಕರೆಸಿದರು. ಯಾವೂರು ಎಂದು ಕೇಳಿದೆ. ಅವಳು ಹೇಳಿದ ಊರು ನಮ್ಮ ಅವ್ವನ ತವರಿಗೆ ಒಂದು ಹಳ್ಳ ದಾಟಿದರೆ ಸಿಗುವಂಥದ್ದು. ಹಾಗೆಂದು ನಾನು ಹೇಳಿದ್ದೇ ತಡ, ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

‘ನಮ್ಮ ಮಂದೀನ ಸಿಕ್ರಲ್ಲರಿ ಅಕ್ಕಾರ! ಇನ್ನ ನನ್ನ ಜೀವಕ್ಕ ಸಮಾಧಾನ ಆತು ನೋಡ್ರಿ.’

ನನಗೂ ಖುಷಿಯಾಯಿತು. ಯಾರ ಮನೆ, ಯಾರ ಓಣಿ ಎಂದು ಸ್ವಲ್ಪ ಹೊತ್ತು ಮಾತಾಡಿದೆವು. ಆಮೇಲೆ ದಾಖಲು ಮಾಡುವಾಗ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳಿದೆ. ಬಿಪಿ ಐತೇನು, ಶುಗರ್ ಐತೇನು, ಹಿಂದೆ ಆಪರೇಷನ್ ಏನಾದರೂ ಆಗೈತೇನು.

‘ಕುಡಿಯೋದು ಏನರ ಐತೇನ್ರಿ? ಸೇಂದಿ, ಸಾರಾಯಿ? ನಾಚಿಗಿ ಮಾಡಬ್ಯಾಡ್ರಿ, ಔಷಧ ಕೊಡಾಕ ಗೊತ್ತಿರಬೇಕು.’

‘ಅಯ್ಯ, ಇಲ್ಲರಿ ಅಕ್ಕಾರ. ಚಾ ಬಿಟ್ರ ನೀರು. ಬ್ಯಾರೆ ಏನೂ ಮುಟ್ಟಂಗಿಲ್ಲರಿ ನಮ್ಮ ಮನಿಯವರು.’

ಗಂಡನೂ ತಲೆ ಆಡಿಸಿದ. ನಾನು ಇಲ್ಲ ಎಂದು ಬರೆದುಕೊಂಡೆ.

ಈ ಪ್ರಶ್ನೆಯನ್ನು ನಾವು ಯಾರ ಮರ್ಯಾದೆ ತೆಗೆಯಲಿಕ್ಕೂ ಕೇಳುವುದಿಲ್ಲ. ಈ ಊರಿನ ಸೇಂದಿ ಅಂಗಡಿಗಳಲ್ಲಿ ಮರದಿಂದ ಇಳಿಸಿದ್ದು ಎಷ್ಟು, ಮತ್ತಿನ ಪುಡಿ ಬೆರೆಸಿದ್ದು ಎಷ್ಟು ಎಂದು ಕುಡಿಯುವವರಿಗೇ ಗೊತ್ತಿರುವುದಿಲ್ಲ. ದಿನಾ ಕುಡಿಯುವವನು ಆಸ್ಪತ್ರೆ ಸೇರಿದ ಮೇಲೆ ಅದು ತಪ್ಪುತ್ತದೆ. ಎರಡು ಮೂರು ದಿನದಲ್ಲಿ ಕೈ ನಡುಗಲು ಶುರುವಾಗುತ್ತದೆ, ಇಲ್ಲದ್ದು ಕಾಣುತ್ತದೆ, ತನ್ನವರ ಗುರುತು ಹತ್ತುವುದಿಲ್ಲ, ಎದುರಿಗಿದ್ದವರೆಲ್ಲ ಕೊಲ್ಲಲು ಬಂದವರಂತೆ ತೋರುತ್ತಾರೆ. ಮೊದಲೇ ಗೊತ್ತಾದರೆ ಅದಕ್ಕೆ ಔಷಧವಿದೆ. ಮೊದಲ ದಿನವೇ ಕೊಡುತ್ತೇವೆ. ಅಂಥವರ ಹತ್ತಿರ ಯಾರೂ ಒಬ್ಬರೇ ಹೋಗುವುದಿಲ್ಲ. ಅಂದರೆ ನಮ್ಮ ರಕ್ಷಣೆಯೆಲ್ಲ ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಗೋಡೆ ಇಲ್ಲ, ಕಾವಲಿಲ್ಲ, ಒಂದು ‘ಹೌದು’ ಅಥವಾ ‘ಇಲ್ಲ’ ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಅವನು ಬೆವೆತಿದ್ದ. ‘ಗ್ವಾಡಿ ತುಂಬ ಇರಬಿ ಹರಿದಾಡಾಕತ್ತಾವ’ ಅಂದ. ಗೋಡೆ ಮೇಲೆ ಒಂದು ಇರುವೆಯೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬಂತು. ಹೆಂಡತಿ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ಆ ಹುಡುಗಿ ಓದು ಮುಗಿಸಿ ಹೊಸದಾಗಿ ಸೇರಿದವಳು, ಎಮರ್ಜೆನ್ಸಿ, ವಾರ್ಡು ಎರಡೂ ಅವಳ ತಲೆ ಮೇಲೆ. ಕೆಳಗಿನ ಒಂದು ಕೇಸು ನೋಡಿ ತಕ್ಷಣ ಬರುತ್ತೇನೆ ಅಂದಳು. ನಾನು ತಿರುಗಿ ಬರುವಷ್ಟರಲ್ಲಿ ಅವನು ಸಲೈನ್ ಸೂಜಿ ಕಿತ್ತುಹಾಕಿದ್ದ. ಹಾಸಿಗೆಗೆಲ್ಲ ರಕ್ತ ಇಳಿಯುತ್ತಿತ್ತು. ಒಬ್ಬಳೇ ಹೋಗಬಾರದು ಎಂದು ಗೊತ್ತಿತ್ತು. ಆದರೆ ರಕ್ತ ಹರಿಯುವುದನ್ನು ನೋಡುತ್ತ ಬಾಗಿಲಲ್ಲಿ ನಿಂತುಕೊಳ್ಳುವ ನರ್ಸ್ ಯಾರಾದರೂ ಇದ್ದರೆ ನನಗೆ ತೋರಿಸಿ. ಇನ್ನೊಬ್ಬಳನ್ನು ಕರೆದುಕೊಂಡು ಹೋಗೋಣವೆಂದರೆ ಆ ಪಾಳಿಯಲ್ಲಿ ಇನ್ನೊಬ್ಬಳು ಇರಲಿಲ್ಲ.

‘ಅಣ್ಣಾರ, ಕೈ ಕೊಡ್ರಿ, ರಕ್ತ ಹೊಂಟೈತಿ’ ಎಂದು ಹತ್ತಿರ ಹೋದೆ.

ಅವನು ನನ್ನ ಕಡೆ ನೋಡಿದ. ಆದರೆ ಆ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ. ‘ನನ್ನ ಕಟ್ಟಿಹಾಕಾಕ ಬಂದೀಯೇನ’ ಅಂದವನೇ ನನ್ನ ಎಡಗೈ ಹಿಡಿದು ತಿರುಚಿದ. ಮಣಿಕಟ್ಟಿನಲ್ಲಿ ಲಟಕ್ಕೆಂದಿತು. ಇನ್ನೊಂದು ಕೈಯಲ್ಲಿ ಸಲೈನ್ ಸ್ಟ್ಯಾಂಡ್ ಎಳೆದುಕೊಂಡು ಬೀಸಿದ. ಮುಖಕ್ಕೆ ಬೀಳಬೇಕಾದದ್ದು ಭುಜಕ್ಕೆ ಬಿತ್ತು. ನಾನು ಅವನ ದಿಂಬಿನ ಪಕ್ಕದಲ್ಲಿ ಜೋತಾಡುತ್ತಿದ್ದ ಬೆಲ್ ಒತ್ತಿದೆ. ಒತ್ತುತ್ತಲೇ ಇದ್ದೆ. ರೋಗಿಗಳು ನರ್ಸನ್ನು ಕರೆಯಲು ಇರುವ ಬೆಲ್ ಅದು. ಒತ್ತಿದರೆ ವಾರ್ಡಿನ ಆ ತುದಿಯಲ್ಲಿ ನಮ್ಮ ಮೇಜಿನ ಮೇಲೆ ಕೆಂಪು ದೀಪ ಹತ್ತುತ್ತದೆ. ಹತ್ತಿತು, ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಮೇಜಿನ ಹಿಂದೆ ಯಾರೂ ಇರಲಿಲ್ಲ. ಆ ದೀಪ ನೋಡಿ ಓಡಿ ಬರಬೇಕಾದವಳು ನಾನೇ.

ಆಸ್ಪತ್ರೆ ಕಟ್ಟಿದವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ಪ್ರತಿ ಹಾಸಿಗೆಗೂ ಬೆಲ್, ಪ್ರತಿ ಬಚ್ಚಲಿಗೂ ಬೆಲ್. ನರ್ಸ್ ಒತ್ತಿದರೆ ಯಾರು ಬರಬೇಕು ಎಂಬ ಪ್ರಶ್ನೆ ಒಬ್ಬರ ತಲೆಗೂ ಹೊಳೆದಿಲ್ಲ. ವಾರ್ಡಿನ ಕಸ ಗುಡಿಸುವ ಆಯಾ ಕೂಗುತ್ತ ಮೆಟ್ಟಿಲು ಇಳಿದು ಸೆಕ್ಯೂರಿಟಿಯವರನ್ನು ಕರೆದಳಂತೆ. ಗೇಟು ಬಿಟ್ಟು ಬಂದರೆ ನನ್ನ ಕೆಲಸ ಹೋಗುತ್ತದೆ ಎಂದರಂತೆ ಅವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಕೊಟ್ಟ ಹುಕುಂ ಹಾಗಿತ್ತು. ಸಿಟ್ಟಿರುವುದು ಬೇರೆ ಹಾಸಿಗೆಗಳ ಸುತ್ತ ನಿಂತಿದ್ದ ಗಟ್ಟಿಮುಟ್ಟಾದ ಗಂಡಸರ ಮೇಲೆ. ಅವರು ಫೋನ್ ತೆಗೆದು ವಿಡಿಯೋ ಮಾಡುತ್ತಿದ್ದರು. ಹಿಂದಿನ ರಾತ್ರಿ ಇವರದೇ ಮನೆಯವರ ಮಲಮೂತ್ರವನ್ನು ನಾವು ಬಳಿದು ಹಾಕಿದ್ದೆವು.

ಬಿಡಿಸಿದವಳು ಅವನ ಹೆಂಡತಿ. ಬಚ್ಚಲಿಂದ ಒದ್ದೆ ಕೈಯಲ್ಲೇ ಓಡಿ ಬಂದು, ಹಾಸಿಗೆಯ ಹಿಂದಿನಿಂದ ಅವನ ಎರಡೂ ತೋಳುಗಳನ್ನು ಬಾಚಿ ಹಿಡಿದು, ತನ್ನ ಮುಖವನ್ನು ಅವನ ಬೆನ್ನಿಗೆ ಒತ್ತಿ ಮುಚ್ಚಿಕೊಂಡಳು. ಎಷ್ಟು ಕೊಸರಾಡಿದರೂ ಅವನ ಕೈ ಅವಳ ಮುಖಕ್ಕೆ ಎಟುಕಲಿಲ್ಲ. ‘ಸಾಕ್ ಬಿಡ್ರಿ, ಸಾಕ್ ಬಿಡ್ರಿ’ ಎನ್ನುತ್ತಿದ್ದಳು, ದನಿ ಸ್ವಲ್ಪವೂ ಏರಿಸದೆ. ನೋವಿನಲ್ಲೂ ನನಗೆ ಒಂದು ಗೊತ್ತಾಯಿತು. ಎಲ್ಲಿಂದ ಹಿಡಿಯಬೇಕು, ಮುಖ ಎಲ್ಲಿ ಅಡಗಿಸಬೇಕು ಎಂಬುದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು. ಅಷ್ಟರಲ್ಲಿ ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ಟಳು. ಅವನು ಮಗುವಿನಂತೆ ಮಲಗಿದ.

ನನ್ನನ್ನು ನಮ್ಮದೇ ಎಮರ್ಜೆನ್ಸಿಯಲ್ಲಿ ಕೂರಿಸಿದರು. ಎಕ್ಸ್‌-ರೇ ಆಯಿತು. ಮಣಿಕಟ್ಟಿನ ಎಲುಬು ಮುರಿದಿತ್ತು. ಹಿಮಾಯತ್‌ನಗರದ ಮಾಲೀಕರ ಆಫೀಸಿಗೆ ಫೋನು ಮಾಡಿ ಮುಗಿಸಿ ನಮ್ಮ ಅಡ್ಮಿನಿಸ್ಟ್ರೇಟರ್ ಬಂದರು. ನನಗೆ ತಾವೇ ಚಹಾ ತಂದಿದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಕೈಯಿಂದ ಚಹಾ ಕುಡಿಯುವ ಯೋಗ.

‘ಸಿಸ್ಟರ್, ನೀವು ಅವನ ಕುಡಿತದ ವಿಷಯ ಸರಿಯಾಗಿ ಕೇಳಲಿಲ್ಲ ಅಂತ ಕಾಣುತ್ತೆ’ ಎಂದು ಹಿಂದಿಯಲ್ಲಿ ಶುರು ಮಾಡಿದರು. ‘ನಿಮ್ಮ ಭಾಷೆಯವರೇ, ನಿಮಗೇ ಗೊತ್ತಾಗಲಿಲ್ಲವಾ? ಇರಲಿ ಬಿಡಿ. ವಾರ್ಡಿನಲ್ಲಿ ನೆಲ ಒದ್ದೆ ಇತ್ತು, ಜಾರಿ ಬಿದ್ದೆ ಅಂತ ಹೇಳಿ. ಪ್ಲಾಸ್ಟರು, ರಜೆ, ಸಂಬಳ ಎಲ್ಲ ನಾವು ನೋಡಿಕೊಳ್ತೇವೆ. ಹೊಡೆದ ಅಂದರೆ ಪೊಲೀಸರು ಬರ್ತಾರೆ, ಅವರ ಹಿಂದೆ ಟಿವಿಯವರು. ಆಸ್ಪತ್ರೆಯ ಹೆಸರು ಏನಾಗಬೇಕು?’

ಅವರು ಹೇಳಿದ್ದರಲ್ಲಿ ಪೊಲೀಸರ ಮಾತು ನಿಜ. ಯಾರಾದರೂ ಹೊಡೆದು ಗಾಯವಾಗಿದೆ ಎಂದು ರೋಗಿ ಹೇಳಿದರೆ ಡಾಕ್ಟರು ಅದನ್ನು ಬರೆದುಕೊಂಡು ಠಾಣೆಗೆ ತಿಳಿಸಬೇಕು. ನಾನು ಕೂತಿದ್ದ ಅದೇ ಕುರ್ಚಿಯ ಮೇಲೆ ಎಷ್ಟು ಹೆಂಗಸರನ್ನು ಕೂರಿಸಿ ನಾನು ಕೇಳಿಲ್ಲ! ತುಟಿ ಒಡೆದುಕೊಂಡು ಬರುತ್ತಾರೆ, ಕಣ್ಣು ಊದಿಸಿಕೊಂಡು ಬರುತ್ತಾರೆ. ಎಲ್ಲರೂ ಬಚ್ಚಲಲ್ಲಿ ಜಾರಿ ಬಿದ್ದವರೇ. ಈ ಊರಿನ ಬಚ್ಚಲುಗಳಷ್ಟು ಜಾರುವ ಬಚ್ಚಲು ಇಡೀ ದೇಶದಲ್ಲಿ ಇರಲಿಕ್ಕಿಲ್ಲ. ಕುತ್ತಿಗೆಯ ಮೇಲೆ ಬೆರಳಿನ ಗುರುತು ಹೇಗೆ ಬಂತಮ್ಮ, ಬಚ್ಚಲಿಗೆ ಕೈ ಇದೆಯಾ ಎಂದು ನಾನು ಬೈದದ್ದೂ ಉಂಟು. ನಿಜ ಹೇಳಿ, ನಾವಿದ್ದೇವೆ ಎಂದು ಧೈರ್ಯ ತುಂಬಿದ್ದೂ ಉಂಟು. ಈಗ ಬಿಳಿ ಅಂಗಿ ಹಾಕಿಕೊಂಡ ಮನುಷ್ಯನೊಬ್ಬ ಚಹಾ ಹಿಡಿದು ನಿಂತು ನನಗೇ ಅದನ್ನು ಹೇಳಿಕೊಡುತ್ತಿದ್ದ. ಮುರಿದ ಕೈಗಿಂತ ಅದು ಹೆಚ್ಚು ಉರಿಯಿತು. ನಾನು ಚಹಾ ಇಸಿದುಕೊಂಡು ಪಕ್ಕಕ್ಕಿಟ್ಟೆ. ಅದನ್ನು ಒಪ್ಪಿಗೆ ಎಂದುಕೊಂಡು ಅವರು ಡಾಕ್ಟರನ್ನು ಕರೆಯಲು ಹೋದರು.

ಆಗ ಅವನ ಹೆಂಡತಿ ಬಂದು ನನ್ನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಳು.

‘ತಪ್ಪಾತ್ರಿ ಅಕ್ಕಾರ. ಅವರು ದಿನಾ ಸೇಂದಿ ಕುಡೀತಾರ. ಬೆಳಿಗ್ಗಿ ಒಮ್ಮಿ, ಸಂಜೀಕ ಒಮ್ಮಿ.’

‘ಅವತ್ತ ಯಾಕ ಹೇಳಲಿಲ್ಲ? ಅಷ್ಟ ಬಿಡಿಸಿ ಕೇಳಿದ್ನೆಲ್ಲ!’

‘ತೆಲಗರ ಸಿಸ್ಟರ್ ಯಾರರ ಕೇಳಿದ್ರ ಹೇಳ್ತಿದ್ನಿರಿ. ಅವರು ಯಾರೋ, ನಾವ್ ಯಾರೋ. ನೀವ ನೋಡಿದ್ರ ನಮ್ಮ ಕಡ್ಯಾವರು ಆದ್ರಿ. ನಿಮ್ಮ ಅವ್ವಾರ ಊರಾಗ ನನ್ನ ಮಗಳಿಗೆ ಮಾತುಕತಿ ನಡದೈತ್ರಿ. ಹುಡುಗಿ ಅಪ್ಪ ಕುಡುಕ ಅಂತ ಅಲ್ಲಿಗೆ ಸುದ್ದಿ ಮುಟ್ಟಿದ್ರ ಯಾರ್ ಮಾಡ್ಕೋತಾರ್ರಿ ಅಕಿನ?’

ನಾನು ಅವಳನ್ನೇ ನೋಡಿದೆ. ಕನ್ನಡದವಳು ಎಂದು ನನ್ನನ್ನು ಕರೆಸಿದ್ದರು, ಕನ್ನಡದವಳು ಎಂದೇ ಅವಳು ನನ್ನಿಂದ ಮುಚ್ಚಿಟ್ಟಿದ್ದಳು. ಬೇರೆ ಯಾರೇ ಆ ಪ್ರಶ್ನೆ ಕೇಳಿದ್ದರೂ ನನ್ನ ಕೈ ನೆಟ್ಟಗಿರುತ್ತಿತ್ತು.

‘ಕೇಸ್ ಮಾಡಬ್ಯಾಡ್ರಿ ಅಕ್ಕಾರ. ಕೇಸ್ ಆತಂದ್ರ ಮುಗದ ಹೋತು. ನನಗೂ ಹಿಂಗ ಎಷ್ಟ ಸಲ ಆಗೈತಿ. ನಾ ಎಂದರ ಯಾರ ಮುಂದರ ಹೇಳೀನೇನು?’

ಅವಳು ಅದನ್ನು ದೂರಾಗಿ ಹೇಳಲಿಲ್ಲ. ತಾನು ತಡೆದುಕೊಂಡಿದ್ದೇನೆ, ನೀವೂ ತಡೆದುಕೊಳ್ಳಿ ಎಂದು ಬೇಡಿಕೊಳ್ಳಲು ಹೇಳಿದಳು. ಅವಳ ಮೇಲೆ ಕೈ ಮಾಡಬೇಕೆನಿಸುವಷ್ಟು ಸಿಟ್ಟು ಬಂತು. ಮರುಕ್ಷಣವೇ ಅಳು ಬಂತು. ಎರಡನ್ನೂ ನುಂಗಿಕೊಂಡೆ.

ಅಡ್ಮಿನಿಸ್ಟ್ರೇಟರ್ ಡಾಕ್ಟರ ಜೊತೆ ಬಂದರು. ಅವಳನ್ನು ನೋಡಿ, ಒಳ್ಳೆಯದಾಯಿತು, ಇವರೇ ಸಾಕ್ಷಿ ಅಂದರು. ‘ಸಿಸ್ಟರ್ ಜಾರಿ ಬಿದ್ದದ್ದನ್ನು ನೋಡಿದಿರಾ’ ಎಂದು ಕೇಳಬೇಕಿತ್ತು. ಅವಳಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ನನ್ನ ಮುಖ ನೋಡಿದರು. ‘ಕೇಳಿ ಸಿಸ್ಟರ್, ನಿಮ್ಮವರಲ್ಲವಾ’ ಅಂದರು ಅವರು. ನನ್ನ ಕೈ ಮುರಿದ ಕೇಸಿನಲ್ಲಿ ದುಭಾಷಿಯ ಕೆಲಸವೂ ನನ್ನದೇ. ಅದರಲ್ಲಿ ಏನಾದರೂ ತಪ್ಪಿದೆ ಎಂದು ಅವರಿಗೆ ಅನಿಸಲೇ ಇಲ್ಲ. ಕಳ್ಳನೊಬ್ಬ ನಮ್ಮ ಮನೆಗೆ ಬಂದು, ಗೋಣಿ ಸ್ವಲ್ಪ ಹಿಡಿದುಕೊಳ್ಳಮ್ಮ ಅಂದ ಹಾಗಿತ್ತು.

ನಾನು ಕೇಳಿದೆ. ‘ನಾ ಜಾರಿ ಬಿದ್ದದ್ದು ನೀ ನೋಡೀಯೇನು ಅಂತ ಕೇಳಾಕತ್ತಾರ.’

ಅವಳು ನೆಲ ನೋಡಿದಳು. ‘ಹೌದ್ರಿ. ನೆಲ ಹಸಿ ಇತ್ತು. ಅಕ್ಕಾರು ಜಾರಿ ಬಿದ್ರು.’

ಅದನ್ನು ಒಂದಕ್ಷರ ಬಿಡದೆ ಹಿಂದಿಗೆ ಹೇಳಿದೆ. ನೆಲ ಒದ್ದೆ ಇತ್ತಂತೆ, ಸಿಸ್ಟರ್ ಜಾರಿ ಬಿದ್ದರಂತೆ. ಅಡ್ಮಿನಿಸ್ಟ್ರೇಟರ್ ಉಸಿರು ಬಿಟ್ಟರು. ಡಾಕ್ಟರು ಪೆನ್ನು ತೆಗೆದಳು.

‘ಇದು ಅವಳು ಹೇಳಿದ್ದು, ಡಾಕ್ಟರ್’ ಅಂದೆ. ‘ಗಾಯ ಆದದ್ದು ನನಗೆ. ನನ್ನನ್ನು ನೀವಿನ್ನೂ ಕೇಳಿಲ್ಲ.’

ಆ ಹುಡುಗಿ ಒಮ್ಮೆ ಅಡ್ಮಿನಿಸ್ಟ್ರೇಟರ್ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ‘ಹೇಗಾಯ್ತು, ಸಿಸ್ಟರ್?’

‘ರೋಗಿ ಹೊಡೆದ. ಕುಡಿತ ತಪ್ಪಿದ್ದರಿಂದ ಅವನಿಗೆ ಎಚ್ಚರ ಇರಲಿಲ್ಲ, ಅದನ್ನೂ ಬರೆಯಿರಿ. ವಾರ್ಡಿನಲ್ಲಿ ನಾನು ಒಬ್ಬಳೇ ಇದ್ದೆ. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಅದನ್ನೂ ಬರೆಯಿರಿ.’

‘ಸಿಸ್ಟರ್, ಯೋಚನೆ ಮಾಡಿ ಮಾತಾಡಿ’ ಅಂದರು ಅಡ್ಮಿನಿಸ್ಟ್ರೇಟರ್.

‘ಮಾಡಿದ್ದೇನೆ ಸರ್. ಚಹಾ ಆರಿದೆ, ತೆಗೆದುಕೊಂಡು ಹೋಗಿ.’

ಡಾಕ್ಟರು ಬರೆದಳು. ಅಡ್ಮಿನಿಸ್ಟ್ರೇಟರ್ ಎದುರಿಗೇ ನಿಂತಿದ್ದರು, ಆದರೂ ಬರೆದಳು. ಕೆಲಸಕ್ಕೆ ಸೇರಿ ಇನ್ನೂ ಒಂದು ಮಳೆಗಾಲ ಕಾಣದ ಹುಡುಗಿಗೆ ಇದ್ದ ಧೈರ್ಯವನ್ನು ನಾನು ಮರೆಯುವುದಿಲ್ಲ.

ಸಂಜೆ ಒಬ್ಬ ಕಾನ್‌ಸ್ಟೇಬಲ್ ಬಂದರು. ರೋಗಿಯ ಮೇಲೆ ಕೇಸು ಬೇಕಾ ಎಂದು ಕೇಳಿದರು. ಅವನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಎಚ್ಚರವಿಲ್ಲದವನನ್ನು ಠಾಣೆಗೆ ಎಳೆದು ಏನು ಮಾಡಲಿ? ಎಚ್ಚರವಿದ್ದೂ ನನ್ನನ್ನು ಒಬ್ಬಳನ್ನೇ ಬಿಟ್ಟವರ ಮೇಲೆ ಬರೆದುಕೊಳ್ಳಿ ಅಂದೆ. ಅವರು ನಕ್ಕರು. ‘ಆಸ್ಪತ್ರೆ ಮೇಲೆ ಹೇಗಮ್ಮ ಬರೆಯೋದು? ಆಸ್ಪತ್ರೆ ನಿಮ್ಮನ್ನ ಹೊಡೀತಾ?’ ಅಂದರು. ನಾನು ಹೇಳಿದ್ದನ್ನು ಅರ್ಧ ಬರೆದುಕೊಂಡು, ಅವರಿಗಾಗಿ ತರಿಸಿದ್ದ ಬಿಸಿ ಚಹಾ ಕುಡಿದು ಹೋದರು. ಆಸ್ಪತ್ರೆಯವರ ಮೇಲೆ ಕೈ ಮಾಡಿದರೆ ಜೈಲು ಎಂದು ಕಾನೂನಿದೆ. ಆ ಕೈ ನಮ್ಮ ತನಕ ಬರದಂತೆ ನೋಡಿಕೊಳ್ಳುವುದು ಯಾರ ಕೆಲಸ ಎಂದು ಇಷ್ಟು ದಿನವಾದರೂ ನನಗೆ ಯಾರೂ ಹೇಳಿಲ್ಲ.

ಆಮೇಲೆ ಆದದ್ದು ಇಷ್ಟು. ವಾರ್ಡಿನ ಬಾಗಿಲಿಗೆ ಒಂದು ಬೋರ್ಡು ಬಂತು, ಸಿಬ್ಬಂದಿಯ ಮೇಲೆ ಹಲ್ಲೆ ಶಿಕ್ಷಾರ್ಹ ಅಪರಾಧ ಎಂದು. ಕುಡಿತ ತಪ್ಪಿ ಇಲ್ಲದ ಇರುವೆ ಕಾಣುವವನು ಅದನ್ನು ಓದಿಕೊಂಡು ಸುಮ್ಮನಾಗುತ್ತಾನೆ ಎಂದು ಅವರ ನಂಬಿಕೆ. ಕೆಲವು ದಿನ ಒಬ್ಬ ಕಾವಲಿನವರು ವಾರ್ಡಿನಲ್ಲಿ ಕೂತಿದ್ದರು, ಆಮೇಲೆ ಅವರೂ ಕಾಣಲಿಲ್ಲ. ನನ್ನ ರಜೆಗೆ ಅರ್ಧ ಸಂಬಳ ಹಿಡಿದರು. ಜಾರಿ ಬಿದ್ದಿದ್ದರೆ ಪೂರ್ತಿ ಸಿಗುತ್ತಿತ್ತು.

ಪ್ಲಾಸ್ಟರು ತೆಗೆಸಲು ಹೋದ ದಿನ ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಗಂಡನ ಕಾಲು ತೋರಿಸಲು ಕರೆದುಕೊಂಡು ಬಂದಿದ್ದಳು. ಅವನು ಒಳಗಿದ್ದ. ನನ್ನನ್ನು ನೋಡಿ ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ, ಸರಿದು ಜಾಗ ಕೊಟ್ಟಳು. ಅವಳ ದವಡೆಯ ಕೆಳಗೆ ಹಳದಿಗೆ ತಿರುಗಿದ ಒಂದು ಪೆಟ್ಟಿನ ಗುರುತು ಇತ್ತು. ನಾನು ಅದನ್ನು ನೋಡಿದ್ದು ಅವಳಿಗೂ ಗೊತ್ತಾಗಿ ಸೆರಗು ಎಳೆದುಕೊಂಡಳು.

ತಗ್ಗಿದ ದನಿಯಲ್ಲಿ ಕೇಳಿದಳು. ‘ಅಕ್ಕಾರ, ಅವತ್ತ ನೀವ್ ಹೇಳಿದ್ದು ಆ ಡಾಕ್ಟರಮ್ಮ ಖರೇನ ಬರಕೊಂಡ್ರೇನ್ರಿ?’

‘ಬರಕೊಂಡ್ಲು.’

‘ಯಾರ್ ಹೇಳಿದ್ರೂ ಬರಕೋತಾರೇನ್ರಿ?’

‘ಬರಕೋಬೇಕು. ಬರಕೊಳ್ಳಲಿಲ್ಲಂದ್ರ ನಾ ನಿಂತ ಬರಸ್ತೀನಿ. ಈಗ ಬಾ ಒಳಗ.’

ಅವಳು ಬಾಗಿಲ ಕಡೆ ನೋಡಿದಳು, ಗಂಡ ಇನ್ನೂ ಹೊರಗೆ ಬಂದಿರಲಿಲ್ಲ. ‘ಈಗ ಬ್ಯಾಡ್ರಿ. ಮಗಳ ಮದಿವಿ ಒಂದು ಆಗಲಿ. ಆಮ್ಯಾಲ ಬರ್ತೀನಿ.’

‘ಮದಿವಿ ಯಾವಾಗೈತಿ?’

‘ಗಂಡಿನ ಕಡ್ಯಾವರು ಇನ್ನೂ ಹೂಂ ಅಂದಿಲ್ಲರಿ’ ಅಂದಳು.